14 ಇಂಚಿನ ಕೋವಿ: ಶಾಕ್‌ವೇವ್, ಎಸ್‌ಬಿಎಸ್, ಮಾಮೂಲಿ ಶಾಟ್‌ಗನ್

"ಆ ಗಿಡ್ಡ ಮಾಸ್‌ಬರ್ಗ್ ಇದೆಯಲ್ಲ, ಅದನ್ನ ಇಟ್ಕೊಳ್ಳೋದು ಲೀಗಲ್ಲಾ?" ಟೆಕ್ಸಾಸಿಗೆ ಬಂದು ನೆಲೆಸಿದ ಕನ್ನಡದ ಗೆಳೆಯರು ಕೋವಿ ಕೊಳ್ಳಲು ಹೊರಟಾಗ ಮೊದಲು ಕೇಳುವುದೇ ಇದನ್ನು. ಇಲ್ಲಿ ಲೀಗಲ್. ಆದರೆ ಯಾಕೆ ಲೀಗಲ್ ಅಂತ ತಿಳಿಯದೆ ಕೊಂಡರೆ ಕಷ್ಟ. ಹಿಂದಿನ ಹಿಡಿ ಒಂದನ್ನು ಬದಲಿಸಿದರೆ ಸಾಕು, ಅದೇ ಕೋವಿ 10 ವರ್ಷದವರೆಗೆ ಜೈಲಾಗಬಹುದಾದ ಕೇಸಿಗೆ ದಾರಿಯಾಗುತ್ತದೆ. ಅದಕ್ಕೇ ನಾನು ಇಟ್ಟುಕೊಂಡು, ಹೊಡೆದು ನೋಡಿದ ಮೂರು ಕೋವಿಗಳನ್ನು ಪಕ್ಕಪಕ್ಕ ಇಟ್ಟು ಬರೆಯುತ್ತಿದ್ದೇನೆ. ಗುಂಡಿನ ಮಾತು ಕಮ್ಮಿ, ಕಾನೂನಿನ ಮಾತು ಜಾಸ್ತಿ.

ಮೂರೂ 12 ಗೇಜ್ (ಗೇಜ್ ಅಂದರೆ ನಳಿಗೆಯ ಒಳಗಾತ್ರದ ಅಳತೆ), ಮೂರೂ ಪಂಪ್, ಅಂದರೆ ಮುಂದಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ತುಂಬುವಂಥವು. ಮೊದಲನೆಯದು ಮಾಸ್‌ಬರ್ಗ್ 590. ನಳಿಗೆ 18.5 ಇಂಚು, ಭುಜಕ್ಕೆ ಆನಿಸುವ ಸ್ಟಾಕ್ ಇದೆ. ಎರಡನೆಯದು ಅದೇ ಕಂಪನಿಯ 590 ಶಾಕ್‌ವೇವ್. ನಳಿಗೆ 14 ಇಂಚು ಚಿಲ್ಲರೆ, ಸ್ಟಾಕ್ ಇಲ್ಲ, ಹಕ್ಕಿಯ ತಲೆಯ ಆಕಾರದ ಬಾಗಿದ ಹಿಡಿ ಮಾತ್ರ. ಮೂರನೆಯದು ರೆಮಿಂಗ್ಟನ್ 870. ನಳಿಗೆ 14 ಇಂಚು, ಸ್ಟಾಕ್ ಇದೆ, ಫೆಡರಲ್ ಸರ್ಕಾರದಲ್ಲಿ ನೋಂದಣಿ ಆಗಿರುವ ಶಾರ್ಟ್ ಬ್ಯಾರಲ್ ಶಾಟ್‌ಗನ್. ಎಲ್ಲರೂ ಎಸ್‌ಬಿಎಸ್ ಅನ್ನುವುದು ಇದನ್ನೇ.

ಕಣ್ಣಿಗೆ ಎರಡನೆಯದೂ ಮೂರನೆಯದೂ ಅಣ್ಣತಮ್ಮಂದಿರು. ಕಾನೂನಿಗೆ ಸಂಬಂಧವೇ ಇಲ್ಲದ ಎರಡು ವಸ್ತುಗಳು.

ಇದರ ಬೇರು 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆ್ಯಕ್ಟ್, ಅಂದರೆ ಎನ್‌ಎಫ್‌ಎ. ಅದರ ಮೊದಲ ಕರಡಿನಲ್ಲಿ ಪಿಸ್ತೂಲು, ರಿವಾಲ್ವರ್‌ಗಳೂ ಇದ್ದವು. ಪಿಸ್ತೂಲಿಗೆ ಕಡಿವಾಣ ಹಾಕಿದರೆ ಜನ ಉದ್ದ ಕೋವಿಯನ್ನೇ ಕತ್ತರಿಸಿ ಬಚ್ಚಿಟ್ಟುಕೊಳ್ಳುತ್ತಾರೆ ಅಂತ ಗಿಡ್ಡ ನಳಿಗೆಯನ್ನೂ ಸೇರಿಸಿದ್ದರು. ಕೊನೆಗೆ ಪಿಸ್ತೂಲು ಕರಡಿನಿಂದ ಹೊರಬಿತ್ತು, ಗಿಡ್ಡ ನಳಿಗೆ ಮಾತ್ರ ಒಳಗೇ ಉಳಿಯಿತು. ಇವತ್ತಿಗೂ 4 ಇಂಚಿನ ಪಿಸ್ತೂಲು ಕೌಂಟರಿನಲ್ಲಿ ಸಿಗುತ್ತದೆ, 17 ಇಂಚಿನ ಶಾಟ್‌ಗನ್‌ಗೆ ನೋಂದಣಿ ಬೇಕು. ಆಗ ಹಾಕಿದ ತೆರಿಗೆ 200 ಡಾಲರ್, 1934ರ ಕಾಲಕ್ಕೆ ಅದು ದೊಡ್ಡ ಮೊತ್ತ. 1939ರಲ್ಲಿ ಮಿಲ್ಲರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಎತ್ತಿಹಿಡಿಯಿತು. ಆ ಕೇಸು ಕೂಡ ಒಕ್ಲಹೋಮದಿಂದ ಅರ್ಕಾನ್ಸಾಸಿಗೆ ಸಾಗಿಸಿದ ಒಂದು ಗಿಡ್ಡ ಜೋಡಿ ನಳಿಗೆ ಕೋವಿಯದ್ದೇ.

ಈಗ ಮುಖ್ಯ ವಿಷಯ. ಫೆಡರಲ್ ಕಾನೂನಿನ ಪ್ರಕಾರ ಭುಜಕ್ಕೆ ಕೊಟ್ಟು ಹೊಡೆಯಲೆಂದು ಮಾಡಿದ್ದು ಮಾತ್ರ ಶಾಟ್‌ಗನ್. ಶಾಟ್‌ಗನ್ ಆದರೆ ನಳಿಗೆ 18 ಇಂಚು ಇರಬೇಕು, ಒಟ್ಟು ಉದ್ದ 26 ಇಂಚು ಇರಬೇಕು. ಇಲ್ಲವಾದರೆ ಎನ್‌ಎಫ್‌ಎ ಒಳಗೆ ಬೀಳುತ್ತದೆ. ಶಾಕ್‌ವೇವ್ ಕಾರ್ಖಾನೆಯಿಂದ ಹೊರಡುವಾಗಲೇ ಸ್ಟಾಕ್ ಇಲ್ಲದೆ ಹೊರಡುತ್ತದೆ. ಭುಜದ ಕೋವಿ ಅದು ಯಾವತ್ತೂ ಆಗಿರಲಿಲ್ಲ, ಹಾಗಾಗಿ ಕಾನೂನಿನಲ್ಲಿ ಶಾಟ್‌ಗನ್ ಅಲ್ಲ. ನಳಿಗೆಯ 18 ಇಂಚಿನ ಲೆಕ್ಕ ಅದಕ್ಕೆ ಬರುವುದಿಲ್ಲ. ಹಾಗಾದರೆ ಬಚ್ಚಿಡಬಹುದಾದ ಆಯುಧಗಳನ್ನು ಸೇರಿಸುವ, ಎನ್‌ಎಫ್‌ಎಯದ್ದೇ ಆದ ಎಒಡಬ್ಲ್ಯು (ಎನಿ ಅದರ್ ವೆಪನ್) ವರ್ಗಕ್ಕೆ ಬರುತ್ತದಾ? ಒಟ್ಟು ಉದ್ದ 26 ಇಂಚಿಗಿಂತ ಜಾಸ್ತಿ ಇರುವುದರಿಂದ ಅದಕ್ಕೂ ಬರುವುದಿಲ್ಲ. ಪಿಸ್ತೂಲೂ ಅಲ್ಲ, ಶಾಟ್‌ಗನ್ನೂ ಅಲ್ಲ, ಬರೀ ಫೈರ್‌ಆರ್ಮ್. ಕೋವಿ ಕಾನೂನು ನೋಡಿಕೊಳ್ಳುವ ಫೆಡರಲ್ ಸಂಸ್ಥೆ ಎಟಿಎಫ್ 2017ರ ಮಾರ್ಚ್‌ನಲ್ಲಿ ಮಾಸ್‌ಬರ್ಗ್ ಕಂಪನಿಗೆ ಬರೆದ ಪತ್ರದಲ್ಲಿ ಇದನ್ನೇ ಹೇಳಿತು. ರೆಮಿಂಗ್ಟನ್‌ನ ಟ್ಯಾಕ್-14 ನಿಂತಿರುವುದೂ ಇದೇ ತರ್ಕದ ಮೇಲೆ.

ಅಳತೆ ಹೇಗೆ ಮಾಡುತ್ತಾರೆ ಅನ್ನುವುದನ್ನು ನೀವೇ ಮಾಡಿ ನೋಡಬೇಕು. ಕೋವಿ ಖಾಲಿ ಇದೆ ಅಂತ ಎರಡೆರಡು ಸಲ ನೋಡಿಕೊಂಡು, ನಳಿಗೆಯ ಹಿಂಬದಿಯನ್ನು ಮುಚ್ಚುವ ಬೋಲ್ಟ್ ಮುಚ್ಚಿದೆ. ಮೂತಿಯಿಂದ ಒಂದು ಮರದ ಕಡ್ಡಿ ಇಳಿಸಿದೆ. ಅದು ಬೋಲ್ಟಿನ ಮುಖಕ್ಕೆ ತಾಗಿ ನಿಂತಿತು. ಮೂತಿಯ ಮಟ್ಟದಲ್ಲಿ ಗುರುತು ಹಾಕಿ, ಕಡ್ಡಿ ಹೊರತೆಗೆದು ಟೇಪ್ ಹಿಡಿದರೆ ಅದೇ ನಳಿಗೆಯ ಉದ್ದ. ಒಟ್ಟು ಉದ್ದಕ್ಕೆ ಕೋವಿಯನ್ನು ಮೇಜಿನ ಮೇಲೆ ನಳಿಗೆ ನೇರ ಬರುವ ಹಾಗೆ ಮಲಗಿಸಿ, ಎರಡೂ ತುದಿಗೆ ಚೌಕದ ಹಲಗೆ ನಿಲ್ಲಿಸಿ ನಡುವಿನ ದೂರ ಅಳೆಯಬೇಕು. ಹಿಡಿಯ ಬಾಗಿನ ಗುಂಟ ಟೇಪ್ ಬಳಸುವಂತಿಲ್ಲ. ಶಾಕ್‌ವೇವ್‌ನ ಕಂಪನಿ ಅಳತೆ 26.37 ಇಂಚು. 26ರ ಗೆರೆಯಿಂದ 0.37 ಇಂಚು ಆಚೆ. ಒಂದು ಸೆಂಟಿಮೀಟರಿಗೂ ಕಮ್ಮಿ!

ಶಾಕ್‌ವೇವ್ ಬಗ್ಗೆ ನನ್ನ ಎಲ್ಲ ಅಳುಕೂ ಇರುವುದು ಆ ಸೆಂಟಿಮೀಟರಿನಲ್ಲಿ. ಆ ಬಾಗಿದ ಹಿಡಿ ಹಿಂದಕ್ಕೆ ಚಾಚಿಕೊಂಡಿರುವುದರಿಂದಲೇ ಉದ್ದ ಸಿಕ್ಕಿದೆ. ಕೈಗೆ ಹಿತವಾಗಿಲ್ಲ ಅಂತ ಕೆಳಗೆ ಇಳಿಯುವ ಮಾಮೂಲಿ ಪಿಸ್ತೂಲ್ ಹಿಡಿ ಹಾಕಿದರೆ ಒಟ್ಟು ಉದ್ದ 26ಕ್ಕಿಂತ ಕೆಳಗೆ ಹೋಗುತ್ತದೆ. ಆಗ ಅದು ನೋಂದಣಿ ಇಲ್ಲದ ಎಒಡಬ್ಲ್ಯು. ಸ್ಟಾಕ್ ಹಾಕಿದರೆ ನೋಂದಣಿ ಇಲ್ಲದ ಎಸ್‌ಬಿಎಸ್. ಎರಡೂ ಭಾಗಗಳು ಯಾವುದೇ ಅಂಗಡಿಯಲ್ಲಿ ಧಾರಾಳವಾಗಿ ಸಿಗುತ್ತವೆ, ಯಾರೂ ಏನೂ ಕೇಳುವುದಿಲ್ಲ. ಉದ್ದ 26 ದಾಟಿದ್ದರೂ ಕೋಟಿನ ಒಳಗೆ ಬಚ್ಚಿಟ್ಟುಕೊಂಡು ತಿರುಗಿದರೆ ವರ್ಗ ಬದಲಾಗಬಹುದು ಅಂತ ಎಟಿಎಫ್ ಪತ್ರದಲ್ಲೇ ಎಚ್ಚರಿಕೆ ಇದೆ. ಮನೆಯಲ್ಲಿರುವ ಹಳೆಯ ಸ್ಟಾಕ್ ಶಾಟ್‌ಗನ್‌ಗೆ ಗಿಡ್ಡ ನಳಿಗೆಯೂ ಬಾಗಿದ ಹಿಡಿಯೂ ಹಾಕಿ ಶಾಕ್‌ವೇವ್ ಮಾಡ್ತೀನಿ ಅನ್ನುವವರಿಗೂ ಹೇಳುತ್ತೇನೆ: ಬೇಡ. ಒಮ್ಮೆ ಶಾಟ್‌ಗನ್ ಆದದ್ದನ್ನು ಹಾಗೆ ಮೊಟಕು ಮಾಡಿದರೆ ಅದು ಶಾಟ್‌ಗನ್ನಿನಿಂದ ಮಾಡಿದ ಆಯುಧ ಅಂತ ಎನ್‌ಎಫ್‌ಎಗೆ ಸೇರುತ್ತದೆ. ಕೈಯಲ್ಲಿ ಹಿಡಿದರೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ಇರುವುದು ಹುಟ್ಟಿನಲ್ಲಿ.

18.5 ಇಂಚಿನ 590ಗೆ ಈ ಯಾವ ತಲೆನೋವೂ ಇಲ್ಲ. ಸ್ಟಾಕ್ ಬದಲಿಸಿ, ಮುಂದಿನ ಹಿಡಿ ಬದಲಿಸಿ, ಗೆರೆ ದೂರದಲ್ಲೇ ಇರುತ್ತದೆ. 870 ಎಸ್‌ಬಿಎಸ್‌ಗೂ ಒಂದು ರೀತಿಯಲ್ಲಿ ನೆಮ್ಮದಿ ಇದೆ. ಅದು ಗೆರೆಯ ಒಳಗೇ ಇದೆ, ನೋಂದಣಿ ಆಗಿದೆ, ಕಾಗದ ಕೈಯಲ್ಲಿದೆ.

ಆ ಕಾಗದಕ್ಕೆ ಪಡುವ ಪಾಡು ಮಾತ್ರ ಸಣ್ಣದಲ್ಲ. ಡೀಲರ್ ಮೂಲಕ ಫಾರಂ 4. ಬೆರಳಚ್ಚು, ಫೋಟೊ. ಅರ್ಜಿಯ ಒಂದು ಪ್ರತಿ ಊರಿನ ಪೊಲೀಸ್ ಮುಖ್ಯಸ್ಥರಿಗೆ. ಮಂಜೂರಾಗುವವರೆಗೆ ದುಡ್ಡು ಕೊಟ್ಟ ಕೋವಿ ಅಂಗಡಿಯಲ್ಲೇ ಕೂತಿರುತ್ತದೆ. ನಾನು ಕೊಂಡಾಗ 200 ಡಾಲರ್ ತೆರಿಗೆಯೂ ಇತ್ತು. 2026ರ ಜನವರಿ 1ರಿಂದ ಎಸ್‌ಬಿಎಸ್‌ಗೂ ಎಒಡಬ್ಲ್ಯುಗೂ ಆ ತೆರಿಗೆ ಸೊನ್ನೆ ಆಗಿದೆ. ತೆರಿಗೆ ಹೋಯಿತು ಅಂದರೆ ನೋಂದಣಿಯೂ ಹೋಯಿತು ಅಂತ ಕೆಲವರು ತಿಳಿದಿದ್ದಾರೆ. ಹೋಗಿಲ್ಲ. ಅರ್ಜಿ, ಬೆರಳಚ್ಚು, ಕಾಯುವುದು ಎಲ್ಲ ಹಾಗೇ ಇದೆ. ಎಸ್‌ಬಿಎಸ್ ತೆಗೆದುಕೊಂಡು ಬೇರೆ ರಾಜ್ಯಕ್ಕೆ ಹೋಗಬೇಕಾದರೆ ಮೊದಲೇ ಫಾರಂ 5320.20 ಕಳಿಸಿ ಒಪ್ಪಿಗೆ ಪಡೆಯಬೇಕು.

ಶಾಕ್‌ವೇವ್‌ಗೆ ಇದ್ಯಾವುದೂ ಬೇಡ. ಕೌಂಟರಿನಲ್ಲಿ ಫಾರಂ 4473 ತುಂಬಿ, ಹಿನ್ನೆಲೆ ತಪಾಸಣೆ ಮುಗಿದರೆ ಆಯಿತು. ಆದರೆ ಆ ಫಾರಂನಲ್ಲಿ ಅದನ್ನು ಲಾಂಗ್ ಗನ್ ಅಂತ ಅಲ್ಲ, ಇತರೆ ಅಂತ ಬರೆಯಬೇಕು. ಅಲ್ಲಿಂದ ಎರಡು ವ್ಯತ್ಯಾಸ ಬರುತ್ತದೆ. ಶಾಟ್‌ಗನ್ನನ್ನು ಫೆಡರಲ್ ಕಾನೂನಿನ ಪ್ರಕಾರ ಡೀಲರ್ 18 ತುಂಬಿದವರಿಗೆ ಮಾರಬಹುದು, ಶಾಕ್‌ವೇವ್‌ಗೆ 21 ಆಗಿರಬೇಕು. ಶಾಟ್‌ಗನ್ನನ್ನು ಪಕ್ಕದ ರಾಜ್ಯದ ಅಂಗಡಿಯಲ್ಲೂ ಕೊಂಡು ತರಬಹುದು, ಎರಡೂ ಕಡೆಯ ಕಾನೂನು ಒಪ್ಪಿದರೆ. ಶಾಕ್‌ವೇವ್‌ನ್ನು ನಿಮ್ಮ ರಾಜ್ಯದ ಡೀಲರ್ ಕೈಯಿಂದಲೇ ಪಡೆಯಬೇಕು.

ನಮ್ಮವರಿಗೆ ಇನ್ನೊಂದು ಮಾತು. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಎಚ್-1ಬಿ ವೀಸಾದವರು ಸಾಮಾನ್ಯವಾಗಿ ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಮಾನ್ಯವಾದ ಬೇಟೆ ಲೈಸೆನ್ಸ್ ಇದ್ದರೆ ಅನ್ನುವಂಥ ಕೆಲವು ವಿನಾಯಿತಿ ಇವೆ. ಗೆಳೆಯನ ಜೊತೆ ಸುಮ್ನೆ ರೇಂಜಿಗೆ ಹೋಗ್ತೀನಿ ಅನ್ನುವವರೂ ಕೋವಿ ಕೈಗೆತ್ತಿಕೊಳ್ಳುವ ಮೊದಲು ವಕೀಲರನ್ನು ಕೇಳಿ. ವೀಸಾ ಪಣಕ್ಕಿಟ್ಟು ಮಾಡುವ ಕೆಲಸ ಅಲ್ಲ ಇದು.

ಇಷ್ಟೆಲ್ಲ ಫೆಡರಲ್. ರಾಜ್ಯದ ಕಾನೂನು ಬೇರೆ, ಹೆಚ್ಚಿನವರು ಎಡವುವುದು ಇಲ್ಲೇ. ಕ್ಯಾಲಿಫೋರ್ನಿಯಾದ ವ್ಯಾಖ್ಯೆ ಭುಜದ ಮಾತನ್ನೇ ಕಾಯುವುದಿಲ್ಲ. ಶಾಟ್‌ಗನ್ ತೋಟಾ ಹೊಡೆಯುವ ಕೋವಿಗೆ 18 ಇಂಚಿಗಿಂತ ಗಿಡ್ಡ ನಳಿಗೆ ಇದ್ದರೆ ಮುಗಿಯಿತು, ಅದು ಶಾರ್ಟ್ ಬ್ಯಾರಲ್ ಶಾಟ್‌ಗನ್. ಆಸ್ಟಿನ್‌ನಲ್ಲಿ ಸರಿಯಾದ ರೀತಿಯಲ್ಲಿ ಕೊಂಡ ಶಾಕ್‌ವೇವ್‌ನ್ನು ಕೆಲಸ ಬದಲಾಯಿತು ಅಂತ ಸಾಮಾನಿನ ಜೊತೆ ಸ್ಯಾನ್ ಹೊಸೆಗೆ ಸಾಗಿಸಿದರೆ ಅಲ್ಲಿ ಅಪರಾಧ. ಬೇ ಏರಿಯಾಗೂ ಟೆಕ್ಸಾಸಿಗೂ ನಡುವೆ ನಮ್ಮ ಜನ ಎಷ್ಟು ಓಡಾಡುತ್ತಾರೆ ಅಂತ ನಿಮಗೇ ಗೊತ್ತು.

ಟೆಕ್ಸಾಸ್ ಕೂಡ ಮೊದಲಿನಿಂದ ಹೀಗಿರಲಿಲ್ಲ. 2017ರಲ್ಲಿ ಶಾಕ್‌ವೇವ್ ಮಾರುಕಟ್ಟೆಗೆ ಬಂದಾಗ ಇಲ್ಲಿಯ ದಂಡಸಂಹಿತೆಯಲ್ಲಿ ಗಿಡ್ಡ ನಳಿಗೆಯ ಕೋವಿ ನಿಷೇಧಿತ. ಫೆಡರಲ್ ನೋಂದಣಿ ಆಗಿದ್ದರೆ ಮಾತ್ರ ರಕ್ಷಣೆ. ಶಾಕ್‌ವೇವ್‌ಗೆ ನೋಂದಣಿಯೇ ಬೇಕಿಲ್ಲ, ಹಾಗಾಗಿ ಆ ರಕ್ಷಣೆಯೂ ಸಿಗುತ್ತಿರಲಿಲ್ಲ. ಕೇಂದ್ರದಲ್ಲಿ ಹೆಚ್ಚು ಸಡಿಲ ಇದ್ದ ವಸ್ತುವೇ ರಾಜ್ಯದಲ್ಲಿ ಹೆಚ್ಚು ಅಪಾಯದ್ದಾಯಿತು. ನೋಂದಣಿ ಬೇಡದ ಕೋವಿಗಳಿಗೂ ವಿನಾಯಿತಿ ಕೊಟ್ಟ ಎಚ್‌ಬಿ 1819 ಅನ್ನುವ ಮಸೂದೆ ಆ ವರ್ಷದ ಸೆಪ್ಟೆಂಬರ್ 1ಕ್ಕೆ ಜಾರಿಗೆ ಬಂತು. 2025ರ ಸೆಪ್ಟೆಂಬರ್ 1ರಿಂದ ಗಿಡ್ಡ ನಳಿಗೆಯನ್ನು ರಾಜ್ಯದ ನಿಷೇಧಿತ ಪಟ್ಟಿಯಿಂದಲೇ ತೆಗೆದಿದ್ದಾರೆ. ಫೆಡರಲ್ ನಿಯಮ ಅದರಿಂದ ಏನೂ ಬದಲಾಗಿಲ್ಲ. ಒಹಾಯೊ ರಾಜ್ಯದಲ್ಲಿ 2018ರ ಕೊನೆಗೆ ಗವರ್ನರ್ ವೀಟೊ ಮೀರಿ ಪಾಸಾದ ಎಚ್‌ಬಿ 228 ಇಂಥ ಕೋವಿಗೆ ದಾರಿ ಮಾಡಿತು.

ಮಲೆನಾಡಿನಲ್ಲಿ ಬೆಳೆ ರಕ್ಷಣೆಗೆ ಕೋವಿ ಇಟ್ಟುಕೊಂಡ ಮನೆಗಳಿಂದ ಬಂದವರಿಗೆ ಇದು ಪೂರ್ತಿ ಹೊಸದೇನಲ್ಲ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ನಳಿಗೆ ಮೊಟಕು ಮಾಡುವುದೇ ಅಪರಾಧ. ಆದರೆ ಅಲ್ಲಿ ಕೋವಿಯ ಲೈಸೆನ್ಸ್ ಮೊದಲು, ಇಂಚು ಆಮೇಲೆ. ಇಲ್ಲಿ ಟೆಕ್ಸಾಸಿನಂಥ ರಾಜ್ಯದಲ್ಲಿ ಲೈಸೆನ್ಸೇ ಬೇಡ, ಇಂಚೇ ಎಲ್ಲ.

ಇನ್ನು ಹೊಡೆದು ನೋಡಿದ್ದು. ಶಾಕ್‌ವೇವ್‌ನಲ್ಲಿ ದಪ್ಪ ಚರೆಯ ತೋಟಾ ಹಾಕಿದರೆ ಒದೆತ ಪೂರ್ತಿ ಮಣಿಕಟ್ಟಿಗೆ ಬರುತ್ತದೆ. ಕೆನ್ನೆಯ ಎತ್ತರಕ್ಕೆ ಹಿಡಿದು ಗುರಿ ನೋಡಿದರೆ ಹಿಡಿ ಹಲ್ಲಿಗೆ ಬಡಿಯುವ ಅಪಾಯ. ಸೊಂಟದಿಂದ ಹೊಡೆದರೆ ಗುರಿಯೇ ಇಲ್ಲ. ಎದೆಯ ಮುಂದೆ ಚಾಚಿ, ಒಂದು ಕೈ ಮುಂದಕ್ಕೆ ತಳ್ಳಿ ಇನ್ನೊಂದು ಕೈ ಹಿಂದಕ್ಕೆ ಎಳೆದು ಹಿಡಿದರೆ ಪರವಾಗಿಲ್ಲ, ಆದರೂ ಎರಡನೇ ಈಡಿಗೆ ಸಾವರಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ. ಮುಂದಿನ ಹಿಡಿಗೆ ಹಾಕಿರುವ ಪಟ್ಟಿ ಅಲಂಕಾರಕ್ಕಲ್ಲ, ಕೈ ಜಾರಿ ಮೂತಿಯ ಮುಂದೆ ಹೋಗದಿರಲಿ ಅಂತ. ನಳಿಗೆ ಗಿಡ್ಡವಾದರೆ ಚರೆ ಇಡೀ ಕೋಣೆ ತುಂಬ ಹರಡುತ್ತದೆ, ಗುರಿ ಬೇಡ ಅನ್ನುವವರಿದ್ದಾರೆ. ನಂಬಬೇಡಿ. ಮನೆಯೊಳಗಿನ ದೂರದಲ್ಲಿ ಚರೆ ಇನ್ನೂ ಒಟ್ಟಾಗಿಯೇ ಇರುತ್ತದೆ. ಹರಡುವುದು ಹೆಚ್ಚಾಗಿ ಚೋಕ್ (ನಳಿಗೆಯ ಮೂತಿಯ ಬಿಗಿತ) ಮತ್ತು ತೋಟಾ ಮೇಲೆ ನಿಂತಿದೆ.

870 ಎಸ್‌ಬಿಎಸ್ ಭುಜಕ್ಕೆ ಕೂತರೆ ಅಷ್ಟೇ ಗಿಡ್ಡ ನಳಿಗೆ ಹೇಳಿದ ಮಾತು ಕೇಳುತ್ತದೆ. ಬಾಗಿಲು, ಕಿರಿದಾದ ಹಜಾರ ಎಲ್ಲ ಕಡೆ ತಿರುಗಿಸಲು ಸಲೀಸು. ಹೊಡೆಯುವುದಕ್ಕೆ ಮೂರರಲ್ಲಿ ನನಗೆ ಇಷ್ಟ ಇದೇ. 18.5 ಇಂಚಿನ 590 ಅದಕ್ಕಿಂತ ನಾಲ್ಕೂವರೆ ಇಂಚು ಉದ್ದ. ಹಜಾರದ ತಿರುವಿನಲ್ಲಿ ಅದು ಗೊತ್ತಾಗುತ್ತದೆ, ಗುರಿಯಲ್ಲಿ ಗೊತ್ತಾಗುವುದಿಲ್ಲ. ಗೆಳೆಯರೊಬ್ಬರ ನೋಂದಣಿ ಆದ ಸರ್ಬು ಸೂಪರ್ ಶಾರ್ಟಿಯನ್ನೂ ಅವರ ಎದುರಿನಲ್ಲೇ ಹೊಡೆದಿದ್ದೇನೆ. ಅದು ಎಒಡಬ್ಲ್ಯು, ನಳಿಗೆ 6.5 ಇಂಚು. ಕುತೂಹಲಕ್ಕೆ ಚೆನ್ನ, ಕೊಳ್ಳಿ ಅಂತ ಹೇಳಲಾರೆ.

ಶಾಕ್‌ವೇವ್ ಕೊಳ್ಳುವವರು 1994ನ್ನೂ ನೆನಪಿಡಬೇಕು. ಸ್ಟ್ರೀಟ್ ಸ್ವೀಪರ್ ಅನ್ನುವ ಶಾಟ್‌ಗನ್ ಅದುವರೆಗೆ ಮಾಮೂಲಿ ಕೋವಿಯಾಗಿ ಮಾರಾಟವಾಗಿತ್ತು. ಆ ವರ್ಷ ಎಟಿಎಫ್ ಅದನ್ನು ಬಾಂಬು, ಗ್ರೆನೇಡುಗಳು ಸೇರುವ ಡಿಸ್ಟ್ರಕ್ಟಿವ್ ಡಿವೈಸ್ ಅನ್ನುವ ಎನ್‌ಎಫ್‌ಎ ವರ್ಗಕ್ಕೆ ಬದಲಿಸಿತು. ಕೊಂಡವರೆಲ್ಲ ನೋಂದಣಿ ಮಾಡಿಸಬೇಕಾಯಿತು. ಪತ್ರದ ಮೇಲೆ ನಿಂತ ವರ್ಗ ಇನ್ನೊಂದು ಪತ್ರದಿಂದ ಬದಲಾಗಬಹುದು.

ಮೊದಲ ಕೋವಿ ಕೊಳ್ಳುವವರಿಗೆ, ಮನೆ ಕಾವಲಿಗೆ, ಯಾವಾಗ ಬೇಕಾದರೂ ರಾಜ್ಯ ಬದಲಿಸಬಹುದಾದ ಐಟಿ ಕೆಲಸದವರಿಗೆ ನಾನು ಹೇಳುವುದು 18.5 ಇಂಚಿನ 590, ಇಲ್ಲವೇ ಅದೇ ಕುಟುಂಬದ ಅಗ್ಗದ ಮಾವೆರಿಕ್ 88. ಗಿಡ್ಡ ನಳಿಗೆಯೇ ಬೇಕು, ಕಾಯುವ ತಾಳ್ಮೆ ಇದೆ, ಒಂದೇ ಊರಿನಲ್ಲಿ ನೆಲೆ ನಿಂತಿದ್ದೀರಿ ಅಂದರೆ ಎಸ್‌ಬಿಎಸ್ ನೋಂದಣಿ ಮಾಡಿಸಿ, ತೆರಿಗೆಯೂ ಈಗ ಇಲ್ಲ. ಶಾಕ್‌ವೇವ್ ಮೂರನೇ ಜಾಗಕ್ಕೆ. ಆದರೂ ಕೊಳ್ಳುತ್ತೀರಾ? 12ರ ಬದಲು 20 ಗೇಜ್ ತೆಗೆದುಕೊಳ್ಳಿ, ಮಣಿಕಟ್ಟಿಗೆ ಹಗುರ. ಕಾರ್ಖಾನೆಯ ಹಿಡಿಯನ್ನು ಬಿಚ್ಚಬೇಡಿ. ಬೇರೆ ರಾಜ್ಯಕ್ಕೆ ಮನೆ ಬದಲಿಸುವುದಾದರೆ ಲಾರಿಗೆ ಸಾಮಾನು ಹೇರುವ ಮೊದಲು ಅಲ್ಲಿಯ ವ್ಯಾಖ್ಯೆ ಓದಿ. ಹೊಂದದಿದ್ದರೆ ಇಲ್ಲಿಯ ಡೀಲರ್‌ಗೇ ಮಾರಿ ಹೋಗಿ.