‘ರನ್’ ಪದದ 645 ಅರ್ಥಗಳು: ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಜಾಲ ಆವೃತ್ತಿ

ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಜಾಲ ಆವೃತ್ತಿಗೆ ಚಂದಾ ಕಟ್ಟುವ ಯೋಚನೆಯಿರುವವರು, ಸೌಲಭ್ಯವಿರುವ ವಿಶ್ವವಿದ್ಯಾಲಯದ ಗ್ರಂಥಾಲಯವೊಂದರಲ್ಲಿ ಕುಳಿತು ‘ರನ್’ ಎಂಬ ಪದವನ್ನು ಮೊದಲು ತೆರೆದು ನೋಡುವುದು ಲೇಸು. 1989ರಲ್ಲಿ ಬಂದ ಇಪ್ಪತ್ತು ಸಂಪುಟಗಳ ಎರಡನೆಯ ಆವೃತ್ತಿಯಲ್ಲಿ ಹೆಚ್ಚು ಅರ್ಥಗಳ ಪಟ್ಟ ‘ಸೆಟ್’ ಕ್ರಿಯಾಪದಕ್ಕೆ ಸಂದಿತ್ತು. ಅದರ ವಿವರಣೆಯೊಂದೇ ಸುಮಾರು 60,000 ಪದಗಳಷ್ಟಿತ್ತು. ಮೂರನೆಯ ಆವೃತ್ತಿಯ ಪರಿಷ್ಕರಣೆಯಲ್ಲಿ ಸಂಪಾದಕ ಪೀಟರ್ ಗಿಲಿವರ್ ಸುಮಾರು ಒಂಬತ್ತು ತಿಂಗಳು ಶ್ರಮಿಸಿ, ‘ರನ್’ ಕ್ರಿಯಾಪದವೊಂದಕ್ಕೇ 645 ಅರ್ಥಗಳನ್ನು ಗುರುತಿಸಿದರು.

ಇಷ್ಟೊಂದು ಅರ್ಥಗಳು ಎಲ್ಲಿಂದ ಬಂದವು ಎಂಬುದಕ್ಕೆ ನಮೂದನ್ನು ಓದುತ್ತ ಹೋದಂತೆ ಉತ್ತರ ಸಿಗುತ್ತದೆ. ಕಾಲಿನಿಂದ ಓಡುವುದು, ನೀರು ಹರಿಯುವುದು ಹಳೆಯ ಅರ್ಥಗಳು; ರೈಲು, ಯಂತ್ರ, ಕಾರ್ಖಾನೆಗಳ ಕಾಲ ಬಂದಾಗ ಅವೆಲ್ಲವೂ ಇದೇ ಕ್ರಿಯಾಪದವನ್ನು ಹಿಡಿದುಕೊಂಡವು, ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಅದೇ ದಾರಿ ಹಿಡಿಯಿತು. ನನ್ನ ದೃಷ್ಟಿಯಲ್ಲಿ ಇನ್ನೊಂದು ಕಾರಣವೂ ಇದೆ. ನಾವು ‘ನಡೆ’ಗೆ ‘-ಇಸು’ ಪ್ರತ್ಯಯ ಹಚ್ಚಿ ‘ನಡೆಸು’ ಮಾಡಿಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ಕುದುರೆ ಓಡುವುದಕ್ಕೂ ಅಂಗಡಿ ನಡೆಸುವುದಕ್ಕೂ ರೂಪ ಒಂದೇ ಆದ್ದರಿಂದ, ನಮ್ಮಲ್ಲಿ ಎರಡು ಪದಗಳಿಗೆ ಹಂಚಿಹೋಗುವ ಅರ್ಥಗಳು ಅಲ್ಲಿ ಒಂದರ ಲೆಕ್ಕಕ್ಕೇ ಸೇರುತ್ತವೆ. ಹಾಗೆಂದು ನಮ್ಮ ‘ಓಡು’ ಬಡವೇನಲ್ಲ: ಸಿನಿಮಾ ನೂರು ದಿನ ಓಡುತ್ತದೆ, ಬಸ್ಸು ಓಡುತ್ತದೆ, ಲೆಕ್ಕ ಮಾಡುವಾಗ ತಲೆ ಓಡುವುದಿಲ್ಲ. ಆದರೆ ಮೂಗು ಸೋರುತ್ತದೆಯೇ ಹೊರತು ಓಡುವುದಿಲ್ಲ. ಚುನಾವಣೆಗಂತೂ ಅಮೆರಿಕದವರು ‘ಓಡುತ್ತಾರೆ’, ಬ್ರಿಟಿಷರೂ ನಾವೂ ‘ನಿಲ್ಲುತ್ತೇವೆ’.

ಪ್ರತಿ ಅರ್ಥದ ಕೆಳಗೂ ಇಸವಿಸಹಿತ ಉಲ್ಲೇಖಗಳಿವೆ. ಯಾವ ಬಳಕೆ ಯಾವ ಶತಮಾನದಲ್ಲಿ ಹುಟ್ಟಿತು, ಯಾವುದು ಬಳಕೆತಪ್ಪಿತು ಎಂಬುದನ್ನು ಸಾಕ್ಷ್ಯದೊಡನೆ ತೋರಿಸುವ ಈ ಕ್ರಮವೇ ನಿಘಂಟಿನ ನಿಜವಾದ ಬಲ.

ಅದೇ ಕ್ರಮ ದಿನಬಳಕೆಯವರಿಗೆ ತೊಡಕು. ಅರ್ಥಗಳನ್ನು ಬಳಕೆಯ ಪ್ರಮಾಣಕ್ಕೆ ತಕ್ಕಂತೆ ಜೋಡಿಸದೆ ಇತಿಹಾಸವನ್ನು ಅನುಸರಿಸಿ ಜೋಡಿಸಿರುವುದರಿಂದ, ಕಚೇರಿಯ ಪತ್ರದಲ್ಲಿ ಕಂಡ ‘ರನ್ ಔಟ್ ಆಫ್’ ಎಂದರೆ ‘ಮುಗಿದುಹೋಗು’ ಎಂಬಷ್ಟನ್ನು ತಿಳಿಯಲು ಬಂದವರು ಉದ್ದವಾದ ನಮೂದಿನಲ್ಲಿ ಅಲೆಯಬೇಕಾಗುತ್ತದೆ. ಅಂಥವರಿಗೆ ಎ. ಎಸ್. ಹಾರ್ನ್‌ಬಿ ಆರಂಭಿಸಿದ, ಕಲಿಯುವವರನ್ನೇ ಗಮನದಲ್ಲಿಟ್ಟು ಅದೇ ಪ್ರಕಾಶನ ಹೊರತರುವ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಸಾಕು. ಅದು ಜಾಲದಲ್ಲಿ ಉಚಿತವಾಗಿಯೇ ಸಿಗುತ್ತದೆ, ವಿವರಣೆಯ ಭಾಷೆಯೂ ಸರಳ. ದೊಡ್ಡ ನಿಘಂಟಿನ ಚಂದಾ ಅನುವಾದಕರಿಗೆ, ನಿಘಂಟುಕಾರರಿಗೆ, ಹಳೆಯ ಇಂಗ್ಲಿಷ್ ಕೃತಿಗಳನ್ನು ಓದುವ ಅಧ್ಯಾಪಕರಿಗೆ ತಕ್ಕುದು. ಶಾಲಾ ಮಕ್ಕಳಿರುವ ಮನೆಗೆ ನಾನು ಅದನ್ನು ಶಿಫಾರಸು ಮಾಡುವುದಿಲ್ಲ.