ಬೆರ್ನಿನಾ ಲೈನಲ್ಲಿ ಗಾಜಿನ ಬೋಗಿನಾ, ಕಿಟಕಿ ಇಳಿಸೋ ಹಳೇ ಬೋಗಿನಾ?

ಸ್ವಿಟ್ಜರ್ಲೆಂಡ್ ನೋಡೋಕೆ ಬರೋ ನಮ್ಮವರು ಹೆಚ್ಚುಕಮ್ಮಿ ಎಲ್ರೂ ನನ್ನ ಕೇಳೋದು ಒಂದೇ, ಗಾಜಿನ ಬೋಗಿಯ ಟೂರಿಸ್ಟ್ ಟ್ರೇನ್ ಬೆರ್ನಿನಾ ಎಕ್ಸ್‌ಪ್ರೆಸ್ ಬುಕ್ ಮಾಡ್ಲಾ ಅಂತ. ಬೇಡ. ಅದೇ ಹಳಿ ಮೇಲೆ ಸೇಂಟ್ ಮೋರಿಟ್ಜ್‌ನಿಂದ ಟಿರಾನೊಗೆ ಸಾದಾ ರೀಜನಲ್ ಟ್ರೇನ್ ಓಡತ್ತೆ, ಮುಂದೆ ಕೆಂಪು ಅಲೆಗ್ರಾ ಇರತ್ತೆ (ಎಂಜಿನ್ನೂ ಅದೇ, ಕೂರೋಕೆ ಸೀಟೂ ಇರೋ ಮೂರು ಬೋಗಿಯ ಸೆಟ್), ಅದರ ಹಿಂದೆ ಕಿಟಕಿ ಕೆಳಗಿಳಿಸೋಕೆ ಬರೋ ಹಳೇ ಬೋಗಿ ಇದ್ರೆ ಅದರಲ್ಲಿ ಹೋಗಿ ಕೂತ್ಕೊಳ್ಳಿ. ಎರಡನ್ನೂ ದುಡ್ಡು ಕೊಟ್ಟು ನೋಡಿದೀನಿ, ಆಲ್ಬುಲಾ ಕಡೆ ಓಡೋ ಅಲ್ವ್ರಾ ಟ್ರೇನು, ದಾವೋಸ್ ಕಡೆಯ ಕ್ಯಾಪ್ರಿಕಾರ್ನ್ ಎರಡೂ ಆಗಿದೆ, ಆದ್ರೂ ಮತ್ತೆ ಮತ್ತೆ ಹೋಗಿ ಕೂರೋದು ಆ ಹಳೇ ಬೋಗಿಲೇ.

ಎಂಜಿನ್ ವಿಷಯದಲ್ಲಿ ಹೋಲಿಸೋಕೆ ಏನೂ ಇಲ್ಲ, ಬೆರ್ನಿನಾ ಮೇಲೆ ಎಕ್ಸ್‌ಪ್ರೆಸ್ಸನ್ನೂ ರೀಜನಲ್ಲನ್ನೂ ಎಳೆಯೋದು ಅದೇ ಅಲೆಗ್ರಾ. ಸ್ಟಾಡ್ಲರ್‌ನವರು ಮಾಡಿದ್ದು, 2010ರಿಂದ ಓಡ್ತಿದೆ. ಮೈಮೇಲೆ ಎಬಿಇ 8/12 ಅಂತ ಬರೆದಿರತ್ತಲ್ಲ, 12 ಅಚ್ಚಲ್ಲಿ 8ಕ್ಕೆ ಮೋಟರ್ ಇದೆ ಅಂತ ಅರ್ಥ. ಅಷ್ಟು ಯಾಕೆ ಬೇಕು ಅಂದ್ರೆ ಈ ಲೈನಿನ ಏರು 1000 ಮೀಟರ್‌ಗೆ 70 ಮೀಟರ್, ಅಂದ್ರೆ ಸುಮಾರು 14ಕ್ಕೆ 1. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ 50ಕ್ಕೆ 1, ಅದಕ್ಕೇ ಹಿಂದಿನಿಂದ ತಳ್ಳೋಕೆ ಬೇರೆ ಎಂಜಿನ್ ಹಾಕ್ತಾರೆ. ಊಟಿ ಟ್ರೇನೂ ಇದೇ ಮೀಟರ್ ಗೇಜು, ಅದರ ಹಲವು ಉಗಿ ಎಂಜಿನ್‌ಗಳನ್ನ ಮಾಡಿ ಕಳಿಸಿದ್ದೂ ಸ್ವಿಸ್‌ನ ವಿಂಟರ್‌ಥೂರ್ ಊರಿನ ಕಾರ್ಖಾನೆಯೇ, ಆದ್ರೆ ಅದು ಹತ್ತೋದು ನಡುವೆ ಇರೋ ಹಲ್ಲಿನ ಹಳಿ ಹಿಡ್ಕೊಂಡು. ಬೆರ್ನಿನಾದಲ್ಲಿ ಹಲ್ಲೂ ಇಲ್ಲ ಏನೂ ಇಲ್ಲ, ನುಣುಪಾದ ಹಳಿ ಮೇಲೆ ಬರೀ ಚಕ್ರದ ಹಿಡಿತದಲ್ಲೇ 2253 ಮೀಟರ್ ಎತ್ತರದ ಓಸ್ಪಿಜಿಯೊ ಬೆರ್ನಿನಾ ತನಕ ಹತ್ತಿ ಆಕಡೆ ಟಿರಾನೊಗೆ, 429 ಮೀಟರ್‌ಗೆ ಇಳಿಯತ್ತೆ. 1910ರಲ್ಲೇ ಪೂರ್ತಿಯಾದ ಲೈನು ಇದು. ಇಷ್ಟು ದೂರ ಬಂದೋರು ಆ ಎಂಜಿನ್ ಕೆಲಸ ಮಾಡೋದನ್ನ ಕಣ್ಣಲ್ಲಿ ನೋಡಬೇಕು, ಕಿವಿಲಿ ಕೇಳಬೇಕು ಅನ್ನೋದು ನನ್ನ ಆಸೆ, ಗಾಜಿನ ಬೋಗಿ ತಡೆಯೋದು ಅದನ್ನೇ.

ಈಗ ಗಾಜಿನ ವಿಷಯ. ಪ್ಯಾನೋರಮಾ ಬೋಗಿಯ ಕಿಟಕಿ ಪಕ್ಕದಿಂದ ಶುರುವಾಗಿ ಚಾವಣಿ ತನಕ ಬಾಗಿರತ್ತೆ, ಬರೀ ಕಣ್ಣಲ್ಲಿ ನೋಡೋಕೆ ನಿಜವಾಗ್ಲೂ ಚೆನ್ನಾಗಿದೆ, ಹಿಮದ ಶಿಖರ ಕತ್ತು ಬಗ್ಗಿಸದೇ ಕಾಣತ್ತೆ. ಕ್ಯಾಮೆರಾ ತೆಗೆದ್ರೆ ಮಾತ್ರ ಕಷ್ಟ ಶುರು. ಎದುರುಗಡೆ ಕಿಟಕಿಯಿಂದ ಬರೋ ಬೆಳಕು ನಿಮ್ಮ ಗಾಜಿನ ಮೇಲೆ ಬೀಳತ್ತೆ, ಮೇಲಿಂದ ಬರೋ ಬೆಳಕೂ ಬೀಳತ್ತೆ, ನಿಮ್ಮದೇ ಅಂಗಿ, ಪಕ್ಕದೋರ ಮುಖ, ಮೊಬೈಲ್ ಸ್ಕ್ರೀನು ಎಲ್ಲ ಸೇರ್ಕೊಂಡು ಹಿಮನದಿ ಮೇಲೆ ತೇಲ್ತಾ ಕಾಣತ್ತೆ. ಯಾವ ಕಂಪನಿ ಮಾಡಿದ್ರೂ ಇದು ಹೀಗೇ, ತೆಗೆಯೋಕೆ ಬರದ ಬಾಗಿದ ಗಾಜು ಎಲ್ಲಿದ್ರೂ ಹೀಗೇ. ಬೆಂಗಳೂರು–ಮಂಗಳೂರು ವಿಸ್ಟಾಡೋಮ್‌ನಲ್ಲಿ ಘಾಟಿ ಫೋಟೋ ತೆಗೆದೋರಿಗೆ ಇದು ಗೊತ್ತಿರತ್ತೆ.

ಪೋಲರೈಸರ್, ಅಂದ್ರೆ ಪ್ರತಿಬಿಂಬ ಕಮ್ಮಿ ಮಾಡೋ ಲೆನ್ಸ್ ಫಿಲ್ಟರ್, ಹಾಕಿದ್ರೆ ಸರಿಹೋಗತ್ತೆ ಅಂತ ಒಬ್ರು ಹೇಳಿದ್ರು ಅಂತ ಹಾಕಿ ನೋಡ್ದೆ. ಪ್ರತಿಬಿಂಬ ಒಂದು ಕೋನದಲ್ಲಿ ಕಮ್ಮಿ ಆಗತ್ತೆ, ಆದ್ರೆ ಗಾಜು ಬಾಗಿರೋದ್ರಿಂದ ಕೆಳಗೆ ಹೋಗಿದ್ದು ಮೇಲೆ ಉಳ್ಕೊಳ್ಳತ್ತೆ, ಅದ್ರ ಜೊತೆಗೆ ಕಾಯಿಸಿ ಗಟ್ಟಿ ಮಾಡಿದ ಗಾಜಲ್ಲಿ ಪೋಲರೈಸರ್ ಮೂಲಕ ನೋಡಿದ್ರೆ ಕಾಮನಬಿಲ್ಲಿನ ಬಣ್ಣದ ಮಚ್ಚೆಗಳು ಎದ್ದು ಬರತ್ತೆ, ಬಿಳಿ ಹಿಮದ ಮೇಲೆ ಅದು ಇನ್ನೂ ಜಾಸ್ತಿ ಕಾಣತ್ತೆ, ಆಮೇಲೆ ಕಂಪ್ಯೂಟರಲ್ಲಿ ಕೂತು ತೆಗೆಯೋಕೂ ಆಗಲ್ಲ. ಸ್ವಲ್ಪ ಕೆಲಸ ಮಾಡೋದು ಎರಡೇ: ಕಪ್ಪು ಅಂಗಿ, ಮತ್ತೆ ಲೆನ್ಸಿಗೆ ಹಾಕಿ ಗಾಜಿಗೆ ಅಂಟಿಸಿ ಹಿಡಿಯೋ ರಬ್ಬರ್ ಹುಡ್. ಆದ್ರೆ ಹುಡ್ ಗಾಜಿಗೆ ಒತ್ತಿ ಹಿಡಿದ್ರೆ ನೇರ ಎದುರಿಗೆ ಇರೋದು ಮಾತ್ರ ಸಿಗತ್ತೆ, ಓರೆಯಾಗಿ ಮುಂದಕ್ಕೆ ತಿರುಗಿಸೋಕೆ ಆಗಲ್ಲ. ಈ ಲೈನಲ್ಲಿ ನನಗೆ ಬೇಕಾಗಿರೋದೇ ಓರೆ. ಬ್ರುಸಿಯೊದಲ್ಲಿ ಕಲ್ಲಿನ ಕಮಾನು ಸೇತುವೆ ಮೇಲೆ ಟ್ರೇನು ಪೂರ್ತಿ ಒಂದು ಸುತ್ತು ಸುತ್ತಿ ಕೆಳಗೆ ಬರತ್ತೆ, ಮೊಂಟೆಬೆಲ್ಲೊ ತಿರುವಿನಲ್ಲಿ ಮೊರ್ಟೆರಾಚ್ ಹಿಮನದಿ ಎದುರಿಗೆ ಬರತ್ತೆ, ಎರಡು ಕಡೆನೂ ನಮ್ಮದೇ ಅಲೆಗ್ರಾ ಮುಂದೆ ಬಗ್ಗಿ ಹೋಗ್ತಿರೋದು ಫ್ರೇಮಲ್ಲಿ ಇಲ್ಲ ಅಂದ್ರೆ ಅದು ಬರೀ ಬೆಟ್ಟದ ಫೋಟೋ.

ಹಳೇ ಬೋಗಿಲಿ ಕಿಟಕಿ ಇಳಿಸಿದ್ರೆ ಈ ತಾಪತ್ರಯ ಯಾವುದೂ ಇಲ್ಲ. ತಿರುವಿನಲ್ಲಿ ಚಕ್ರ ಹಳಿಗೆ ಉಜ್ಜೋ ಕೀರಲು ಸದ್ದು ಕೇಳತ್ತೆ, ಕೆಲವು ಸಲ ಟ್ರೇನ್ ಬಾಲಕ್ಕೆ ಮರದ ದಿಮ್ಮಿ ತುಂಬಿದ ಗೂಡ್ಸ್ ವ್ಯಾಗನ್ನೂ ಕಟ್ಟಿರ್ತಾರೆ, ಅದೂ ಕಾಣತ್ತೆ. ಕೈ, ತಲೆ, ಕ್ಯಾಮೆರಾ ಯಾವುದನ್ನೂ ಹೊರಗೆ ಹಾಕ್ಬೇಡಿ, ಕಂಬ ಮತ್ತೆ ಸುರಂಗದ ಬಾಯಿ ತೀರಾ ಹತ್ರ ಬರತ್ತೆ. ಚಳಿಗಾಲದಲ್ಲಿ ಪಕ್ಕದೋರನ್ನ ಒಂದು ಮಾತು ಕೇಳಿ ತೆಗೀರಿ, ಫೋಟೋ ಆದ್ಮೇಲೆ ಮುಚ್ಚಿ.

ಹಳೇ ಬೋಗಿಗೆ ಇರೋ ಒಂದು ದೊಡ್ಡ ತೊಂದರೆ ಮೆಟ್ಲು. ಅಮ್ಮಂಗೆ ಮಂಡಿ ನೋವು, ಆ ಮೆಟ್ಲು ಹತ್ತೋದು ಆಗದ ಕೆಲಸ. ಅಲೆಗ್ರಾದ ನಡುವಿನ ಬೋಗಿ ಬಾಗಿಲು ಪ್ಲಾಟ್‌ಫಾರ್ಮ್ ಮಟ್ಟಕ್ಕೆ ಇರತ್ತೆ, ಅಲ್ಲಿ ಆರಾಮಾಗಿ ಹತ್ತಬಹುದು, ಆದ್ರೆ ಅಲೆಗ್ರಾದ ಎರಡು ತುದಿಲೂ ಡ್ರೈವರ್ ಕ್ಯಾಬಿನ್ ಇರೋದ್ರಿಂದ ಅಲ್ಲಿಂದ ಹಿಂದಿನ ಬೋಗಿಗೆ ಒಳಗಿಂದಾನೇ ನಡ್ಕೊಂಡು ಬರೋಕೆ ದಾರಿ ಇಲ್ಲ. ಹಾಗಾಗಿ ಅಪ್ಪ ಅಮ್ಮ ಮುಂದೆ, ನಾನು ಹಿಂದೆ. ತಿಂಡಿ ಡಬ್ಬಿ ಯಾರ ಹತ್ರ ಇರಬೇಕು ಅಂತ ಹತ್ತೋಕೆ ಮುಂಚೇನೇ ತೀರ್ಮಾನ ಮಾಡ್ಕೊಳ್ಳಿ. ಅಮ್ಮಂಗೆ ಅಲೆಗ್ರಾನೇ ಇಷ್ಟ ಆಯ್ತು, ಬೆಚ್ಚಗಿದೆ, ಟಾಯ್ಲೆಟ್ ದೊಡ್ಡದಾಗಿದೆ ಅಂದ್ರು.

ಖೂರ್‌ನಿಂದ ಸೇಂಟ್ ಮೋರಿಟ್ಜ್ ತನಕ, ಅಂದ್ರೆ ಆಲ್ಬುಲಾ ಲೈನಲ್ಲಿ, ಅಲ್ವ್ರಾನೇ ಸಾಕು. ಹೊಸ ಬೋಗಿಗಳೇ ಆದ್ರೂ ಫೋಟೋ ತೆಗೆಯೋರಿಗೆ ಅಂತಾನೇ ಕಿಟಕಿ ತೆಗೆಯೋಕೆ ಬರೋ ಒಂದು ಜಾಗ ಬಿಟ್ಟಿದಾರೆ, ಯಾರು ಯೋಚನೆ ಮಾಡಿದ್ರೋ ಅವರಿಗೆ ನನ್ನ ನಮಸ್ಕಾರ. ಲ್ಯಾಂಡ್‌ವಾಸರ್ ಸೇತುವೆ, 65 ಮೀಟರ್ ಎತ್ತರದ್ದು, ಬಾಗಿಕೊಂಡು ಹೋಗಿ ಸೀದಾ ಬಂಡೆಯ ಗೋಡೆಯೊಳಗಿನ ಸುರಂಗಕ್ಕೆ ನುಗ್ಗೋದು, ಅದನ್ನ ಅಲ್ಲಿಂದ ತೆಗೆಯಬಹುದು.

ಕ್ಯಾಪ್ರಿಕಾರ್ನ್ ದಿನಾ ಓಡಾಡೋರ ಟ್ರೇನು, ಹತ್ತೋಕೆ ಸುಲಭ, ಸ್ವಚ್ಛ, ಸದ್ದಿಲ್ಲ. 2022ರ ಅಕ್ಟೋಬರ್ 29ಕ್ಕೆ ಇಂಥವೇ 25 ಜೋಡಿಸಿ 100 ಬೋಗಿಯ 1906 ಮೀಟರ್ ಉದ್ದದ ಟ್ರೇನ್ ಓಡಿಸಿ ವಿಶ್ವದಾಖಲೆ ಮಾಡಿದ್ರು. ಬೆರ್ನಿನಾ ಮೇಲೆ ಇದನ್ನ ಹುಡುಕ್ಬೇಡಿ. ಆಲ್ಬುಲಾ ಕಡೆ ಕರೆಂಟು 11,000 ವೋಲ್ಟ್ ಎಸಿ, ಬೆರ್ನಿನಾದಲ್ಲಿ 1000 ವೋಲ್ಟ್ ಡಿಸಿ, ಕ್ಯಾಪ್ರಿಕಾರ್ನ್ ನಡೆಯೋದು ಎಸಿಲಿ ಮಾತ್ರ, ಮೋಟರ್ ಇರೋದೂ 16 ಅಚ್ಚಲ್ಲಿ 4ಕ್ಕೆ. ಅಲೆಗ್ರಾಗೆ ಎರಡೂ ಕರೆಂಟ್ ಆಗತ್ತೆ, ಅದಕ್ಕೇ ಪೊಂಟ್ರೆಸಿನಾದಲ್ಲಿ ಎಂಜಿನ್ ಬದಲಾಯಿಸದೇ ಹಾಗೇ ದಾಟಿಬಿಡತ್ತೆ.

ಬೇಸಿಗೆಲಿ ಬೆರ್ನಿನಾದಲ್ಲಿ ಹಳದಿ ಬಣ್ಣದ ಚಾವಣಿ ಇಲ್ಲದ ಬೋಗಿ ಕಟ್ತಾರೆ, ಸಿಕ್ಕಿದ್ರೆ ಹತ್ತಿ, ಜುಲೈ ಆದ್ರೂ ಸ್ವೆಟರ್ ಇರಲಿ.

ದುಡ್ಡು: ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮೇಲೆ ಸೀಟ್ ರಿಸರ್ವೇಶನ್ನಿಗೆ ಬೇರೆ ಕೊಡಬೇಕು, ರೀಜನಲ್‌ಗೆ ಅದು ಬೇಡ. ಸ್ವಿಸ್ ಟ್ರಾವೆಲ್ ಪಾಸ್ ಇದ್ರೆ ಟಿರಾನೊ ತನಕ ಹಾಗೇ ಹೋಗಬಹುದು. ಇಲ್ಲೇ ಇರೋರಿಗೆ ಹಾಫ್ ಫೇರ್ ಕಾರ್ಡ್ ಸಾಕು. ನಾಲ್ಕು ಜನ ಅಂದ್ರೆ ರಿಸರ್ವೇಶನ್ ಉಳಿಸಿದ ದುಡ್ಡಲ್ಲಿ ಟಿರಾನೊದಲ್ಲಿ ಮಧ್ಯಾಹ್ನದ ಊಟ ಆಗತ್ತೆ, ಇಟಲಿ ಆದ್ದರಿಂದ ಸೇಂಟ್ ಮೋರಿಟ್ಜ್‌ಗಿಂತ ಅಗ್ಗ. ಮತ್ತೆ ಎಕ್ಸ್‌ಪ್ರೆಸ್‌ನಲ್ಲಿ ಒಂದೇ ಸೀಟಿಗೆ ಕಟ್ಟುಬೀಳ್ತೀರಿ, ರೀಜನಲ್‌ನಲ್ಲಿ ಮೊರ್ಟೆರಾಚ್‌ನಲ್ಲೋ ಆಲ್ಪ್ ಗ್ರೂಮ್‌ನಲ್ಲೋ ಇಳಿದು, ಕಾಫಿ ಕುಡಿದು, ಮುಂದಿನ ಟ್ರೇನ್ ಹತ್ತಬಹುದು. ಚಿಕ್ಕ ನಿಲ್ದಾಣಗಳಲ್ಲಿ ಗುಂಡಿ ಒತ್ತಿದ್ರೆ ಮಾತ್ರ ನಿಲ್ಲೋದು, ಮರೀಬೇಡಿ.

ಮಂಡಿ ನೋವಿರೋರು, ಕ್ಯಾಮೆರಾ ಹಿಡಿಯದೋರು, ಜನ ತುಂಬಿರೋ ಸೀಸನ್ನಲ್ಲಿ ಸೀಟು ಖಾತ್ರಿ ಬೇಕು ಅನ್ನೋರು ಎಕ್ಸ್‌ಪ್ರೆಸ್ ತಗೊಳ್ಳಲಿ, ಆ ಗಾಜಿನಿಂದ ಬರೀ ಕಣ್ಣಿಗೆ ಯಾವ ಮೋಸವೂ ಇಲ್ಲ. ಯಾವುದರಲ್ಲಿ ಹೋದ್ರೂ ಸೇಂಟ್ ಮೋರಿಟ್ಜ್‌ನಿಂದ ಟಿರಾನೊ ಕಡೆಗೆ ಹೋಗುವಾಗ ಬಲಗಡೆ ಕೂತ್ಕೊಳ್ಳಿ, ಹಿಮನದಿ, ಲಾಗೊ ಬಿಯಾಂಕೊ ಕೆರೆ, ಬ್ರುಸಿಯೊ ಸುತ್ತು ಎಲ್ಲ ಆ ಕಡೆಗೇ ಬರತ್ತೆ, ವಾಪಸ್ ಬರುವಾಗ ಎಡಗಡೆ.