ಕಾಲಾ ಘೋಡಾದ ಮ್ಯೂಸಿಯಮ್ಮಿನಲ್ಲಿ ನಮ್ಮ ಐಹೊಳೆ

ಮುಂಬೈಯ ಕಾಲಾ ಘೋಡಾದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯಕ್ಕೆ ಇದು ನನ್ನ ಮೂರನೇ ಭೇಟಿ. ಈ ಸಲ ಊರಿಂದ ಬಂದಿದ್ದ ಅವ್ವ ಜೊತೆಗಿದ್ದಳು. ಡೊಂಬಿವಲಿಯಿಂದ ಗರ್ದಿ ಕಡಿಮೆಯಾದ ಮೇಲೆ ಲೋಕಲ್ ಹಿಡಿದು ಹೋದೆವು. ಮುಂಬೈಯಲ್ಲಿರುವ ಕನ್ನಡಿಗರಿಗೆ ನಾನು ಹೇಳೋದು ಒಂದೇ: ಹೋಗಿ, ಮತ್ತು ಮೊದಲು ಶಿಲ್ಪಗಳ ಗ್ಯಾಲರಿಗೇ ಹೋಗಿ, ಕಾಲು ಸೋತ ಮೇಲೆ ಅಲ್ಲ.

ಅಲ್ಲಿ ಐಹೊಳೆಯಿಂದ ಬಂದ ಬ್ರಹ್ಮನ ಫಲಕ ಇದೆ. 7ನೇ ಶತಮಾನದ್ದು, ಬಾದಾಮಿ ಚಾಲುಕ್ಯರ ಕಾಲದ್ದು. ಗುಡಿಯ ಚಾವಣಿಯಲ್ಲಿದ್ದ ಕಲ್ಲು ಇದು, ಅಂದರೆ ಆಗಿನವರು ಅರೆಗತ್ತಲಲ್ಲಿ ಕತ್ತೆತ್ತಿ ನೋಡಬೇಕಿತ್ತು, ನಮಗೆ ಕಣ್ಣೆದುರಿಗೇ ಸಿಗುತ್ತದೆ. ನಡುವೆ ಬ್ರಹ್ಮ, ಸುತ್ತ ಋಷಿಗಳು. ಅಷ್ಟು ಮೇಲಿರುವುದನ್ನು ಯಾರು ನೋಡುತ್ತಾರೆ ಅಂತ ಶಿಲ್ಪಿ ಎಲ್ಲೂ ಕೆಲಸ ಹಾರಿಸಿಲ್ಲ. ಅವ್ವ ಹುನಗುಂದದ ಕಡೆಯವಳು. "ಇದು ನಮ್ಮ ಕಡೀ ಕಲ್ಲ ಐತಲ್ಲೋ" ಅಂದವಳು ಕಾಲು ಗಂಟೆ ಅಲ್ಲಿಂದ ಕದಲಲಿಲ್ಲ.

ಇದನ್ನು ನೋಡಿದ ಕಣ್ಣಲ್ಲೇ ಸಿಂಧ್ ಪ್ರಾಂತ್ಯದ ಮೀರ್‌ಪುರ್ ಖಾಸ್ ಸ್ತೂಪದ ಸುಟ್ಟ ಮಣ್ಣಿನ ಶಿಲ್ಪಗಳನ್ನೂ ನೋಡಬೇಕು. ಇವು ಐಹೊಳೆಗಿಂತ ಹಳೆಯವು. ತಾವರೆ ಹಿಡಿದು ನಿಂತ ಒಬ್ಬ ಭಕ್ತ ಇದ್ದಾನೆ, ತಲೆ ತುಂಬ ಗುಂಗುರು, ಮುಖದಲ್ಲಿ ಎಂಥ ಮೆದುತನ ಅಂದರೆ ಮುಟ್ಟಿದರೆ ಬೆರಳಿನ ಗುರುತು ಬೀಳಬಹುದು ಅನ್ನಿಸುತ್ತದೆ. ಉಳಿ ಮಾಡುವ ಕೆಲಸವೇ ಬೇರೆ, ಬೆರಳು ಮಾಡುವ ಕೆಲಸವೇ ಬೇರೆ ಅಂತ ಯಾರೂ ವಿವರಿಸದೆ ಗೊತ್ತಾಗುತ್ತದೆ.

ಮೊಗಲ್, ರಾಜಸ್ಥಾನಿ, ಪಹಾಡಿ (ಹಿಮಾಲಯದ ಬೆಟ್ಟನಾಡಿನ) ಶೈಲಿಯ ಪುಟ್ಟ ಮಿನಿಯೇಚರ್ ಚಿತ್ರಗಳಿಗೆ ಪುರುಸೊತ್ತು ಬೇಕು. ಅಳಿಲಿನ ಬಾಲದ ಕೂದಲಿನ ಕುಂಚದಿಂದ ಎಳೆದ ಗೆರೆಗಳು ಅವು, ದೂರದಿಂದ ಕಾಣುವುದಿಲ್ಲ. ಹತ್ತಿರ ಹೋಗಿ, ಒಂದೇ ಚಿತ್ರದ ಮುಂದೆ ಐದು ನಿಮಿಷ ಸುಮ್ನೆ ನಿಲ್ಲಿ. ಟಾಟಾ ಸಹೋದರರ ಸಂಗ್ರಹದ ಯುರೋಪಿನ ತೈಲಚಿತ್ರಗಳೂ ಇವೆ. ನಾವು ಅಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ.

ಕಟ್ಟಡವನ್ನೂ ತಲೆಯೆತ್ತಿ ನೋಡಿ. 1922ರಲ್ಲಿ ತೆರೆದ ಇದನ್ನು ರೂಪಿಸಿದವರು ಜಾರ್ಜ್ ವಿಟೆಟ್, ಗೇಟ್‌ವೇ ಆಫ್ ಇಂಡಿಯಾ ಕೂಡ ಅವರದೇ. ಒಳಗಿನ ಕಮಾನುಗಳಿಗೆ ಮಾದರಿ ವಿಜಯಪುರದ ಗೋಳಗುಮ್ಮಟ! ಅವ್ವನಿಗೆ ಇದನ್ನು ಹೇಳಿದ್ದೇ ತಡ, ಹೊರಡಬೇಕಾದವಳು ಮತ್ತೆ ಒಳಗೆ ಹೋಗಿ ನಡುವೆ ನಿಂತು ಮೇಲೆ ನೋಡಿದಳು.

ಕಡಿಮೆ ಅಂದರೂ ಮೂರು ಗಂಟೆ ಇಟ್ಟುಕೊಳ್ಳಿ. ಸಮಯ ಉಳಿದರೆ ಪಕ್ಕದಲ್ಲೇ ಜಹಾಂಗೀರ್ ಆರ್ಟ್ ಗ್ಯಾಲರಿ ಇದೆ, ಅಲ್ಲಿ ಇವತ್ತಿನವರ ಚಿತ್ರಗಳನ್ನು ಟಿಕೆಟ್ ಇಲ್ಲದೆ ನೋಡಬಹುದು.